ಗೋಡೆ ಅಡ್ಜಸ್ಟ್ ಮಾಡ್ಕೊಳ್ಳಲ್ಲ

ಬೇ ಏರಿಯಾಕ್ಕೆ ಓದಲು ಬಂದ ನಮ್ಮವರು ಮೊದಲ ಸೆಮಿಸ್ಟರ್‌ನಲ್ಲಿ ಕೇಳುವುದು "ಸೋನಾ ಮಸೂರಿ ಎಲ್ಲಿ ಸಿಗುತ್ತೆ?" ಅಂತ. ಮೂರನೆಯ ಸೆಮಿಸ್ಟರ್ ಹೊತ್ತಿಗೆ ಪ್ರಶ್ನೆ ಬದಲಾಗಿರುತ್ತದೆ: "ಸೆಕೆಂಡ್ ಹ್ಯಾಂಡ್ ಇವಿ ತಗೋಬಹುದಾ?" ಪ್ರಶ್ನೆಯಲ್ಲಿ ಅರ್ಥವಿದೆ. ಕ್ಯಾಲಿಫೋರ್ನಿಯಾದಲ್ಲಿ 2023 ಮತ್ತು 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಪ್ಲಗ್ ಇರುವ ಕಾರು. ಅವೆಲ್ಲ ಒಂದಲ್ಲ ಒಂದು ದಿನ ಎರಡನೇ ಕೈಗೆ ಬರಲೇಬೇಕು. ಹಳೇ ಇವಿ ಕೊಳ್ಳುವವರಿಗೆ ಸಿಗುತ್ತಿದ್ದ 4,000 ಡಾಲರ್‌ವರೆಗಿನ ಕೇಂದ್ರ ತೆರಿಗೆ ವಿನಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದೇ ದಿನ ಕಾರ್‌ಪೂಲ್ ಲೇನಿನ ಸ್ಟಿಕ್ಕರ್‌ಗೂ ಮಂಗಳ ಹಾಡಿದರು. ಆದರೂ ನಾಲ್ಕು ಜನ ಸೇರಿ ಒಂದು ಹಳೇ ಲೀಫೋ ಬೋಲ್ಟೋ ತಗೊಳ್ಳೋದು ನಿಂತಿಲ್ಲ.

ಕಾರು ಬಂದ ಮೇಲೆ ಮನೆಯಲ್ಲಿ ನಡೆಯುವ ಚರ್ಚೆ ಒಂದೇ: 80 ಪರ್ಸೆಂಟಾ, 90 ಪರ್ಸೆಂಟಾ, 100 ಮಾಡಿದರೆ ಬ್ಯಾಟರಿ ಹಾಳಾಗುತ್ತಾ? ವಾಟ್ಸಾಪ್ ಗುಂಪಿನಲ್ಲಿ ಇದರ ಬಗ್ಗೆ ಪಿಎಚ್‌ಡಿ ಮಟ್ಟದ ವಾದ ನಡೆಯುತ್ತದೆ. ಆದರೆ ಆ ಕಾರಿನ ಪ್ಲಗ್ಗು ಸಿಕ್ಕಿಸಿರುವ ಗೋಡೆಯ ಸಾಕೆಟ್ಟು ಯಾವ ಕಾಲದ್ದು, ಅದರ ಹಿಂದಿನ ವೈರು ಎಲ್ಲಿಗೆ ಹೋಗುತ್ತದೆ, ಅದೇ ಸರ್ಕೀಟಿನ ಮೇಲೆ ಇನ್ನೇನು ಕೂತಿದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ವಾದ ಇಷ್ಟು: ಬ್ಯಾಟರಿಯ ಚಿಂತೆಯನ್ನು ಮುಕ್ಕಾಲು ಪಾಲು ಕಾರೇ ಮಾಡಿಕೊಳ್ಳುತ್ತದೆ. ಗೋಡೆಯ ಚಿಂತೆ ಮಾಡಲು ನಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ. ಬಾಡಿಗೆ ಮನೆಯಲ್ಲಂತೂ ಇಲ್ಲವೇ ಇಲ್ಲ.

ನಮ್ಮಲ್ಲಿ ಬಹಳ ಜನ ಬಿ.ಇ. ಮುಗಿಸಿ ಬಂದವರು, ಆದ್ದರಿಂದ ಸ್ವಲ್ಪ ಒಳಗಿನ ವಿಷಯ ಹೇಳಿದರೆ ಬೇಜಾರಾಗಲಿಕ್ಕಿಲ್ಲ. ನಾವು ಚಾರ್ಜರ್ ಅಂತ ಕರೆಯುವ ಕೇಬಲ್ಲು-ಡಬ್ಬ ನಿಜವಾಗಿ ಚಾರ್ಜರ್ ಅಲ್ಲ. ಎಸಿ ಕರೆಂಟನ್ನು ಡಿಸಿ ಮಾಡುವ ಚಾರ್ಜರು ಕಾರಿನ ಒಳಗಿದೆ. ಹೊರಗಿನ ಡಬ್ಬ ಹೆಚ್ಚೂಕಡಿಮೆ ಒಂದು ಬುದ್ಧಿವಂತ ಸ್ವಿಚ್ಚು. ಜೆ1772 ಎಂಬ ನಿಯಮದ ಪ್ರಕಾರ ಅದು ಕಾರಿಗೆ ಒಂದು ಚೌಕ ಅಲೆಯನ್ನು ಕಳಿಸುತ್ತದೆ. ಆ ಅಲೆಯ ಡ್ಯೂಟಿ ಸೈಕಲ್ ನೋಡಿ "ಓಹೋ, ಇಲ್ಲಿ ಇಷ್ಟು ಆಂಪ್ ಮಾತ್ರ ಎಳೆಯಬಹುದು" ಅಂತ ಕಾರು ತಿಳಿದುಕೊಳ್ಳುತ್ತದೆ. ಈ ಮಾತುಕತೆ ಮುಗಿಯುವ ತನಕ ಕಾರಿಗೆ ಸಿಕ್ಕಿಸುವ ತುದಿಯಲ್ಲಿ ಕರೆಂಟೇ ಇರುವುದಿಲ್ಲ. ಅರ್ತ್ ಸರಿಯಿಲ್ಲ ಎಂದರೆ ಒಳ್ಳೆಯ ಡಬ್ಬ ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತದೆ. ಕಾರಿನ ಕಡೆ ಇಷ್ಟೆಲ್ಲ ಕಾವಲಿದೆ. ಗೋಡೆಯ ಕಡೆ ಇರುವುದು ಒಂದು ಬ್ರೇಕರ್ ಮತ್ತು ಮೂವತ್ತು-ನಲವತ್ತು ವರ್ಷದ ಹಿಂದೆ ಯಾರೋ ಬಿಗಿದ ಎರಡು ಸ್ಕ್ರೂ.

ಊರಲ್ಲಿ ನಮಗೆ 5 ಆಂಪ್ ಪಾಯಿಂಟು, 15 ಆಂಪ್ ಪಾಯಿಂಟು ಅಂತ ಎರಡು ಜಾತಿ ಗೊತ್ತು. ಗೀಸರ್‌ಗೆ, ಗ್ರೈಂಡರ್‌ಗೆ ದಪ್ಪ ಪಿನ್ನಿನ 15 ಆಂಪ್. ಅಲ್ಲಿ 230 ವೋಲ್ಟ್ ಇರುವುದರಿಂದ ಆ ಒಂದು ಪಾಯಿಂಟಿನಿಂದ 3 ಕಿಲೋವ್ಯಾಟ್ ಆರಾಮಾಗಿ ಬರುತ್ತದೆ. ಅಮೆರಿಕದ ಮಾಮೂಲಿ ಗೋಡೆಯ ಸಾಕೆಟ್ಟು 120 ವೋಲ್ಟಿನದು, 15 ಆಂಪಿನ ಸರ್ಕೀಟು. ಅದರಲ್ಲೂ ಪೂರ್ತಿ 15 ಎಳೆಯುವಂತಿಲ್ಲ. ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಒಂದೇ ಸಮನೆ ಹರಿಯುವ ಲೋಡನ್ನು ಇಲ್ಲಿನ ಎಲೆಕ್ಟ್ರಿಕಲ್ ಕೋಡ್ 'ನಿರಂತರ ಲೋಡ್' ಅನ್ನುತ್ತದೆ, ಅದು ಸರ್ಕೀಟಿನ ಶೇಕಡಾ 80 ಮೀರಬಾರದು. ಹಾಗಾಗಿ 12 ಆಂಪ್, ಅಂದರೆ 1.4 ಕಿಲೋವ್ಯಾಟ್. ಇದನ್ನೇ ಲೆವೆಲ್ 1 ಅನ್ನುವುದು. ಮೈಸೂರಿನ ಬಚ್ಚಲುಮನೆಯ ಗೀಸರ್ ಪಾಯಿಂಟಿನ ಅರ್ಧವೂ ಇಲ್ಲ, ನೋಡಿ.

ಅರ್ಧವೂ ಇಲ್ಲದಿದ್ದರೂ ಅಪಾಯ ಯಾಕೆ? ಹೇರ್ ಡ್ರೈಯರ್ 12 ಆಂಪ್ ಎಳೆದರೂ ಐದು ನಿಮಿಷಕ್ಕೆ ಆಫ್ ಆಗುತ್ತದೆ. ಕಾರು ಹಾಗಲ್ಲ, ರಾತ್ರಿಯಿಡೀ ಎಳೆಯುತ್ತದೆ, ವಾರಕ್ಕೆ ಐದು ದಿನ ಎಳೆಯುತ್ತದೆ. ಹಳೆಯ ಸಾಕೆಟ್ಟಿನ ಒಳಗಿನ ಲೋಹದ ಹಿಡಿತ ಸಡಿಲವಾಗಿ, ಅಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. ಲೆಕ್ಕ ಹಾಕೋಣ: 12ರ ವರ್ಗ 144, ಗುಣಿಸು 0.1, ಹದಿನಾಲ್ಕು ಚಿಲ್ಲರೆ ವ್ಯಾಟ್. ನಾವು ಲ್ಯಾಬಿನಲ್ಲಿ ಹಿಡಿದಿದ್ದ ಚಿಕ್ಕ ಸಾಲ್ಡರಿಂಗ್ ಐರನ್ ಇದೆಯಲ್ಲ, ಅದು 15 ವ್ಯಾಟಿನದೂ ಇರುತ್ತಿತ್ತು. ಅಂದರೆ ಗೋಡೆಯ ಒಳಗೆ, ಪ್ಲಾಸ್ಟಿಕ್ಕು-ಮರದ ನಡುವೆ, ಎಂಟು ಗಂಟೆ ಕಾಲ ಒಂದು ಸಾಲ್ಡರಿಂಗ್ ಐರನ್ ಉರಿಸಿಟ್ಟ ಹಾಗೆ. ಬ್ರೇಕರ್‌ಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕರೆಂಟು 12 ಆಂಪೇ ಇದೆ, ಅದರ ದೃಷ್ಟಿಯಲ್ಲಿ ಎಲ್ಲ ಸರಿಯಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸನ್‌ಸೆಟ್ ಕಡೆಯ ಮನೆಗಳನ್ನು ನೋಡಿದವರಿಗೆ ಗೊತ್ತು, ಕೆಳಗೆ ಗ್ಯಾರೇಜು, ಅದರ ಮೇಲೇ ನಾವು ಮಲಗುವ ಕೋಣೆ.

ಇದರ ಮೇಲೆ ಎಕ್ಸ್‌ಟೆನ್ಷನ್ ಕಾರ್ಡ್ ಬಂದರೆ ಕೇಳುವುದೇ ಬೇಡ. ಕಾರು ಕಂಪನಿಗಳ ಕೈಪಿಡಿಗಳು ಇದನ್ನು ಬೇಡ ಎಂದೇ ಬರೆದಿರುತ್ತವೆ. ಆದರೂ ಬಾಡಿಗೆ ಮನೆಗಳ ಕಿಟಕಿಯಿಂದ ಕಿತ್ತಳೆ ಬಣ್ಣದ ವೈರು ಇಳಿದು, ಹುಲ್ಲಿನ ಮೇಲೆ ಹಾದು, ಕಾರಿನ ಹೊಟ್ಟೆಗೆ ಹೋಗುವುದನ್ನು ನಾವು ಎಷ್ಟು ಬೀದಿಗಳಲ್ಲಿ ನೋಡಿಲ್ಲ! ತೆಳು ವೈರು, ಮಧ್ಯೆ ಇನ್ನೂ ಎರಡು ಸಡಿಲ ಜೋಡಣೆ, ಕಿಟಕಿ ಚೌಕಟ್ಟಿನಲ್ಲಿ ಜಜ್ಜಿದ ಜಾಗ ಒಂದು. ಜನವರಿಯ ಮಳೆ ಸುರಿದರೆ ಜೋಡಣೆ ನೀರಲ್ಲಿ. ಮಿಕ್ಕ ಉದ್ದವನ್ನು ಚೆಂದವಾಗಿ ಸುರುಳಿ ಸುತ್ತಿಟ್ಟರೆ ಆ ಸುರುಳಿಯ ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯೂ ಇಲ್ಲ.

ಇದಕ್ಕಿಂತ ಕೆಟ್ಟದ್ದು 'ಚೀಟರ್ ಪ್ಲಗ್'. ಹಳೇ ಮನೆಯಲ್ಲಿ ಎರಡೇ ತೂತಿನ ಸಾಕೆಟ್ಟಿರುತ್ತದೆ, ಅರ್ತ್ ಇರುವುದಿಲ್ಲ. ಅದಕ್ಕೆ ಮೂರು ಪಿನ್ನು ಸಿಕ್ಕಿಸಲು ಒಂದು ಅಡಾಪ್ಟರು ಒಂದೆರಡು ಡಾಲರಿಗೆ ಸಿಗುತ್ತದೆ. ಡಬ್ಬ ಕೆಂಪು ದೀಪ ತೋರಿಸಿತು ಅಂತ ಅರ್ತ್ ಇರುವಂತೆ ನಾಟಕವಾಡಿಸುವ ಉಪಾಯಗಳನ್ನು ಹೇಳಿಕೊಡುವವರೂ ಇದ್ದಾರೆ. ನಾವು ಬೆಳೆದ ರೀತಿಯೂ ಹಾಗೇ ಇತ್ತು ಬಿಡಿ. ಎರಡು ಪಿನ್ನಿನ ಚಾರ್ಜರ್ ಒಳಗೆ ಹೋಗದಿದ್ದರೆ ಮೇಲಿನ ತೂತಿಗೆ ಪೆನ್ನು ತುರುಕು, ವೈರಿಗೆ ಪ್ಲಗ್ಗೇ ಇಲ್ಲದಿದ್ದರೆ ಬೆಂಕಿಕಡ್ಡಿ ಸಿಕ್ಕಿಸು. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವುದು ಬೆಂಗಳೂರಿನ ಬಸ್ಸಿನ ಮೂರು ಜನರ ಸೀಟಿಗೆ ಸರಿ, ಮನುಷ್ಯರು ಸರಿದುಕೊಳ್ಳುತ್ತಾರೆ. ತಾಮ್ರದ ವೈರಿಗೆ ಆ ದಾಕ್ಷಿಣ್ಯ ಇಲ್ಲ.

ಹಾಗಾದರೆ ನೋಡುವುದು ಏನನ್ನು? ಮನೆಗೆ ಬಂದ ಮೊದಲ ವಾರವೇ ಅರ್ಧ ಗಂಟೆ ಕೊಡಿ. ಕಾರು ನಿಲ್ಲಿಸುವ ಜಾಗಕ್ಕೆ ಹತ್ತಿರದ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ, ಪ್ಯಾನೆಲ್ಲಿನ ಬ್ರೇಕರ್‌ಗಳನ್ನು ಒಂದೊಂದಾಗಿ ಆಫ್ ಮಾಡಿ. ದೀಪ ಆರಿದಾಗ ಅದರ ಜೊತೆ ಇನ್ನೇನು ಆರಿತು ಅಂತ ಮನೆ ಸುತ್ತಿ ನೋಡಿ. ಫ್ರಿಜ್ಜೋ ವಾಷಿಂಗ್ ಮಷೀನೋ ಅದರ ಜೊತೆ ಸತ್ತಿದ್ದರೆ ಅದು ಕಾರಿಗೆ ಯೋಗ್ಯವಾದ ಸಾಕೆಟ್ಟಲ್ಲ. ಪ್ಲಗ್ಗು ಹಾಕಿದಾಗ ಬಿಗಿಯಾಗಿ ಕೂರಬೇಕು. ಕೇಬಲ್ಲಿನ ಭಾರಕ್ಕೆ ಜೋತುಬಿದ್ದರೆ ಆ ಸಾಕೆಟ್ಟಿನ ಆಯಸ್ಸು ಮುಗಿದಿದೆ. ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇದ್ದರೆ ಮಾತೇ ಇಲ್ಲ. ನಾವು ಬಾಡಿಗೆಗೆ ನೋಡಲು ಹೋದ ಒಂದು ಮನೆಯಲ್ಲಿ ಗ್ಯಾರೇಜಿನ ಸಾಕೆಟ್ಟಿನ ಒಂದು ತೂತು ಚಹಾ ಬಣ್ಣಕ್ಕೆ ತಿರುಗಿತ್ತು. ತೋರಿಸಲು ಬಂದವರು "ಇಟ್ ವರ್ಕ್ಸ್ ಫೈನ್" ಎಂದರು. ಚಾರ್ಜ್ ಶುರುಮಾಡಿ ಒಂದು ಗಂಟೆಯ ನಂತರ ಪ್ಲಗ್ಗಿನ ಮೈ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಂದೇ ನಿಲ್ಲಿಸಿ. ಪ್ಯಾನೆಲ್ಲಿನ ಬಾಗಿಲ ಮೇಲೆ ಫೆಡರಲ್ ಪೆಸಿಫಿಕ್ ಅಥವಾ ಜಿನ್ಸ್ಕೋ ಎಂಬ ಹೆಸರು ಕಂಡರೆ, ಎಲೆಕ್ಟ್ರಿಷಿಯನ್ ನೋಡುವ ತನಕ ಅದಕ್ಕೆ ಕಾರು ಹಾಕಲೇಬೇಡಿ. ಆ ಹಳೆಯ ಬ್ರೇಕರ್‌ಗಳು ಟ್ರಿಪ್ ಆಗಬೇಕಾದಾಗ ಆಗದೇ ಇರುವುದಕ್ಕೆ ಹೆಸರುವಾಸಿ.

ಇನ್ನೊಂದು ಉಪಾಯ ಪುಕ್ಕಟೆ ಸಿಗುತ್ತದೆ, ಯಾಕೋ ಯಾರೂ ಬಳಸುವುದಿಲ್ಲ. ಬಹಳ ಕಾರುಗಳಲ್ಲಿ, ಇಲ್ಲವೇ ಕೇಬಲ್ಲಿನ ಡಬ್ಬದಲ್ಲಿ, ಎಷ್ಟು ಆಂಪ್ ಎಳೆಯಬೇಕು ಅಂತ ಕಡಿಮೆ ಮಾಡಬಹುದು. 12 ಇದ್ದದ್ದನ್ನು 8 ಮಾಡಿದರೆ ವೇಗ ಮೂರನೇ ಒಂದು ಪಾಲು ಇಳಿಯುತ್ತದೆ, ಆದರೆ ಜೋಡಣೆಯಲ್ಲಿ ಹುಟ್ಟುವ ಬಿಸಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಏಕೆಂದರೆ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣ. ಮೊದಲ ವರ್ಷದ ಬಿ.ಇ. ಪಾಠ ಇಲ್ಲಾದರೂ ಉಪಯೋಗಕ್ಕೆ ಬರಲಿ. ಆದರೆ ಇದು ಒಳ್ಳೆಯ ಸಾಕೆಟ್ಟಿಗೆ ಇನ್ನಷ್ಟು ಭದ್ರತೆ, ಕೆಟ್ಟ ಸಾಕೆಟ್ಟಿಗೆ ಔಷಧಿಯಲ್ಲ.

"ಅಷ್ಟು ನಿಧಾನ ಆದರೆ ಸಾಲುತ್ತಾ?" ಅಂತ ಕೇಳುವವರಿಗೆ ಲೆಕ್ಕ. ಫ್ರೀಮಾಂಟಿನಿಂದ ಸ್ಯಾನ್ ಹೋಸೆ ಸ್ಟೇಟ್‌ಗೆ ಹೋಗಿಬರುವುದು ಸುಮಾರು 35 ಮೈಲಿ. ರಾತ್ರಿ 12ರಿಂದ ಬೆಳಿಗ್ಗೆ 8ರವರೆಗೆ ಲೆವೆಲ್ 1ರಲ್ಲಿ ಗೋಡೆಯಿಂದ ಹನ್ನೊಂದೂವರೆ ಯೂನಿಟ್ ಬರುತ್ತದೆ. ನಷ್ಟ ಕಳೆದು ಒಂಬತ್ತು ಯೂನಿಟ್ ಬ್ಯಾಟರಿ ಸೇರಿದರೂ ಆ 35 ಮೈಲಿ ಸರಿದೂಗುತ್ತದೆ. ನಮ್ಮಲ್ಲಿ ದಿನಾ ಅಷ್ಟು ಓಡಿಸುವವರೇ ಕಡಿಮೆ. ಬಾರ್ಟು, ಕ್ಯಾಲ್‌ಟ್ರೇನು, ಆನ್‌ಲೈನ್ ಕ್ಲಾಸು ಎಲ್ಲ ಇದೆ. ಶನಿವಾರ ಭಾನುವಾರ ನಿಂತೇ ಇರುವ ಕಾರು ಮಿಕ್ಕ ಬಾಕಿಯನ್ನೂ ತೀರಿಸಿಕೊಳ್ಳುತ್ತದೆ. ಬ್ಯಾಟರಿಗೂ ಇದು ತಂಪು: 60 ಕಿಲೋವ್ಯಾಟ್-ಅವರ್ ಬ್ಯಾಟರಿಗೆ 1.4 ಕಿಲೋವ್ಯಾಟ್ ಅಂದರೆ ಆನೆಗೆ ಇರುವೆ ಕಚ್ಚಿದಂತೆ. ಹೆದ್ದಾರಿಯ ಫಾಸ್ಟ್ ಚಾರ್ಜರು ಅದೇ ಬ್ಯಾಟರಿಗೆ ಅದರ ನೂರು ಪಟ್ಟು ತಳ್ಳುತ್ತದೆ. ಲಾಸ್ ಏಂಜಲೀಸ್‌ಗೆ ಹೋಗುವಾಗ ತಳ್ಳಲಿ, ಅದಕ್ಕೇ ಇರುವುದು. ದಿನವೂ ಅದೇ ಊಟವಾದರೆ ಬಿಸಿ ಜಾಸ್ತಿ.

ಗ್ಯಾರೇಜಿಗೆ ದೊಡ್ಡ 240 ವೋಲ್ಟಿನ ನೆಮಾ 14-50 ಸಾಕೆಟ್ ಹಾಕಿಸಿ 32, 40 ಆಂಪ್ ಎಳೆಯುವುದೇ ಶ್ರೇಷ್ಠ ಅನ್ನುವ ಮಾತನ್ನು ಸ್ವಂತ ಮನೆ ಇರುವ ಅಣ್ಣ-ಅಕ್ಕಂದಿರ ಬಾಯಲ್ಲಿ ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿರುತ್ತೀರಿ. ಅವರಿಗೆ ಸರಿ ಇರಬಹುದು. ಆದರೆ ಅದೇ 0.1 ಓಮ್ ಲೆಕ್ಕ 32 ಆಂಪಿಗೆ ಹಾಕಿದರೆ ನೂರು ವ್ಯಾಟ್ ದಾಟುತ್ತದೆ. ಅಗ್ಗದ 14-50 ಸಾಕೆಟ್ಟುಗಳು ಕರಗಿಹೋಗುವುದು ಇದಕ್ಕೇ. ಅವು ಒಲೆಗೆ ಅಂತ ಮಾಡಿದ್ದು, ಒಮ್ಮೆ ಸಿಕ್ಕಿಸಿ ಹತ್ತು ವರ್ಷ ಬಿಡಲು. ಬಟ್ಟೆ ಡ್ರೈಯರ್‌ನ ಸಾಕೆಟ್ಟಿನ ಕಥೆಯೂ ಅಷ್ಟೇ, ದಿನಾ ಕಿತ್ತು ಹಾಕುತ್ತಿದ್ದರೆ ಹಿಡಿತ ಸಡಿಲವಾಗುತ್ತದೆ. ಎರಡು ವರ್ಷ ಇದ್ದು ಹೋಗುವ ನಮಗೆ ಆ ಖರ್ಚೂ ಬೇಡ, ಆ ಬಿಸಿಯೂ ಬೇಡ.

ಈಗ ಬ್ಯಾಟರಿ. ಇಲ್ಲಿ ನಮ್ಮ ತಲೆ ಕೆಡಿಸುವುದು ಅಜ್ಞಾನಕ್ಕಿಂತ ಹಳೆಯ ಜ್ಞಾನ. ಊರಿಗೆ ಫೋನ್ ಮಾಡಿ ಕಾರು ತಗೊಂಡ್ವಿ ಅಂದರೆ ಅಪ್ಪ ಹೇಳುವುದು, "ಯಾವಾಗ್ಲೂ ಫುಲ್ ಚಾರ್ಜ್ ಮಾಡಿಡು". ಅವರ ಮಾತು ಅನುಭವದ್ದೇ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಮನೆಯ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಸಾಕಿದವರು ಅವರು. ಲೆಡ್-ಆಸಿಡ್ ಬ್ಯಾಟರಿ ಖಾಲಿ ಬಿಟ್ಟರೆ ಸಾಯುತ್ತದೆ, ತುಂಬಿಟ್ಟರೆ ಬಾಳುತ್ತದೆ. ಅಣ್ಣ ಹೇಳುವುದು ಇನ್ನೊಂದು, "ಪೂರ್ತಿ ಖಾಲಿ ಮಾಡಿ ಆಮೇಲೆ ಹಾಕು". ಅದು ನಿಕಲ್-ಕ್ಯಾಡ್ಮಿಯಂ ಕಾಲದ ಬುದ್ಧಿ. ಲಿಥಿಯಂ-ಅಯಾನ್ ಬ್ಯಾಟರಿಗೆ ಎರಡೂ ತುದಿ ಇಷ್ಟವಿಲ್ಲ, ಮಧ್ಯದಲ್ಲಿ ನೆಮ್ಮದಿ.

ಬೆಂಗಳೂರಿನ ರೇವಾ ಕಾರನ್ನು ನೆನಪಿಸಿಕೊಳ್ಳಿ. 2001ರಲ್ಲಿ ರಸ್ತೆಗಿಳಿದ ಆ ಪುಟ್ಟ ಕಾರಿನಲ್ಲಿದ್ದದ್ದು ಲೆಡ್-ಆಸಿಡ್ ಬ್ಯಾಟರಿ, ಚಾರ್ಜ್ ಮಾಡುತ್ತಿದ್ದದ್ದು ಮನೆಯ 15 ಆಂಪ್ ಪಾಯಿಂಟಿನಿಂದ. ಅದನ್ನು ಕಟ್ಟಿದ ಚೇತನ್ ಮೈನಿ ಮಾಸ್ಟರ್ಸ್ ಓದಿದ್ದು ಇಲ್ಲೇ, ಸ್ಟ್ಯಾನ್‌ಫರ್ಡ್‌ನಲ್ಲಿ. ಬೆಂಗಳೂರಿನವರು ಇಪ್ಪತ್ತು ವರ್ಷಕ್ಕೂ ಹಿಂದೆ ಗೀಸರ್ ಪಾಯಿಂಟಿನಿಂದಲೇ ಕಾರು ಓಡಿಸಿದ್ದರು ಅಂತ ಇಲ್ಲಿನ ಕ್ಲಾಸ್‌ಮೇಟುಗಳಿಗೆ ಹೇಳಿದರೆ ನಂಬುವುದಿಲ್ಲ.

ಲಿಥಿಯಂ ಅಂತ ಒಂದೇ ಹೆಸರಿದ್ದರೂ ಅದರಲ್ಲೂ ಗೋತ್ರ ಬೇರೆ ಬೇರೆ, ಆದ್ದರಿಂದ 80ಕ್ಕೆ ನಿಲ್ಲಿಸಬೇಕೆ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಕಲ್ ಇರುವ ಬ್ಯಾಟರಿ ತುಂಬಿದಾಗ ಒಂದೊಂದು ಸೆಲ್ಲಿನ ವೋಲ್ಟೇಜು 4.2ರ ಹತ್ತಿರ ಇರುತ್ತದೆ. ಆ ಒತ್ತಡದಲ್ಲಿ ಬಿಸಿಲಲ್ಲಿ ದಿನಗಟ್ಟಲೆ ನಿಂತರೆ ಒಳಗಿನ ರಸಾಯನ ಬೇಗ ಸವೆಯುತ್ತದೆ. ಇಂಥದಕ್ಕೆ ದಿನದ ಮಟ್ಟಿಗೆ 80, ದೂರ ಹೊರಡುವ ಬೆಳಿಗ್ಗೆಗೆ 100. ಕಬ್ಬಿಣ-ಫಾಸ್ಫೇಟಿನ ಎಲ್‌ಎಫ್‌ಪಿ ಬ್ಯಾಟರಿ ಇನ್ನೊಂದು ಗೋತ್ರ. ಅದರ ವೋಲ್ಟೇಜು ಮಧ್ಯದಲ್ಲಿ ಹೊಲದ ಹಾಗೆ ಚಪ್ಪಟೆ, ಎಷ್ಟು ತುಂಬಿದೆ ಅಂತ ಕಾರಿಗೇ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆಯಾದರೂ 100 ಮಾಡಿ ಅಂತ ಟೆಸ್ಲಾ ಹೇಳುವುದು. 2021ರ ಕೊನೆಯಿಂದ ಬಂದ ಮಾಡೆಲ್ 3ರ ಅಗ್ಗದ ಅವತಾರದಲ್ಲಿ ಈ ಬ್ಯಾಟರಿ ಇರುವುದುಂಟು, ಪರದೆಯ ಸಾಫ್ಟ್‌ವೇರ್ ಪುಟದಲ್ಲಿ ವಾಹನದ ವಿವರ ತೆಗೆದರೆ ಬರೆದಿರುತ್ತದೆ. ಅದನ್ನು ನೋಡದೇ 80-90 ಅಂತ ಜಗಳವಾಡುವುದು ಯಾರ ಮದುವೆ ಅಂತ ತಿಳಿಯದೇ ಊಟಕ್ಕೆ ಕೂತ ಹಾಗೆ.

ವಿದ್ಯಾರ್ಥಿಗಳ ಕೈಗೆಟಕುವ ಇನ್ನೆರಡು ಕಾರುಗಳ ಬಗ್ಗೆ ಹೇಳಲೇಬೇಕು. ನಿಸ್ಸಾನ್ ಲೀಫ್ ಬ್ಯಾಟರಿಗೆ, ಇಷ್ಟು ವರ್ಷ ಬಂದ ಮಾಡೆಲ್ಲುಗಳಲ್ಲಿ, ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಅರಿಜೋನಾದ ಬಿಸಿಲಿಗೆ ಮೊದಲ ಲೀಫ್‌ಗಳು ಬೇಗ ಸೊರಗಿದ್ದು 2012ರಲ್ಲೇ ಸುದ್ದಿಯಾಗಿತ್ತು. ಮೀಟರಿನ ಅಂಚಿನಲ್ಲಿ ಹನ್ನೆರಡು ಪುಟ್ಟ ಪಟ್ಟಿಗಳು ಇರುತ್ತವೆ; ಎಷ್ಟು ಉಳಿದಿವೆ ಅಂತ ಎಣಿಸಿ ಬೆಲೆ ಮಾತಾಡಿ. ಜೊತೆಗೆ ಅದರ ಫಾಸ್ಟ್ ಚಾರ್ಜಿಂಗ್ ಪ್ಲಗ್ಗು ಚಾಡೆಮೊ, ಇಲ್ಲಿ ದಿನೇದಿನೇ ಕಡಿಮೆಯಾಗುತ್ತಿರುವ ಜಾತಿ. ಅಂದರೆ ಹಳೇ ಲೀಫ್ ಕೊಂಡವರಿಗೆ ಮನೆಯ ಸಾಕೆಟ್ಟೇ ಗತಿ, ಅದು ಚೆನ್ನಾಗಿರಲೇಬೇಕು.

ಷೆವ್ರೊಲೆ ಬೋಲ್ಟ್ ಕಥೆ ಬೇರೆ. ಬ್ಯಾಟರಿ ಸೆಲ್ಲುಗಳ ತಯಾರಿಕೆಯಲ್ಲಿನ ದೋಷದಿಂದ ಕೆಲವು ಕಾರಿಗೆ ಬೆಂಕಿ ಬಿದ್ದು, 2020ರ ನವೆಂಬರ್‌ನಲ್ಲಿ ಮೊದಲ ರೀಕಾಲ್, 2021ರ ಆಗಸ್ಟ್ ಹೊತ್ತಿಗೆ ಅಲ್ಲಿಯವರೆಗೆ ತಯಾರಾದ ಅಷ್ಟೂ ಬೋಲ್ಟ್ ವಾಪಸ್, ಸುಮಾರು 1.4 ಲಕ್ಷ ಕಾರು. ರಿಪೇರಿ ಆಗುವ ತನಕ 90 ಪರ್ಸೆಂಟ್ ದಾಟಿಸಬೇಡಿ, ರಾತ್ರಿ ಮನೆಯೊಳಗೆ ಚಾರ್ಜ್ ಮಾಡಬೇಡಿ, ಹೊರಗೆ ನಿಲ್ಲಿಸಿ ಅಂತ ಜನರಲ್ ಮೋಟರ್ಸ್ ಹೇಳಿತು. ಕಾರೇ ತಪ್ಪಿತಸ್ಥನಾದ ಸಂದರ್ಭ ಇದು, ನಮ್ಮ ಗೋಡೆಯ ವಾದಕ್ಕೆ ಅಪವಾದ. ಆದರೆ ಇದಕ್ಕೆ ವಿನ್ ನಂಬರ್ ಹಾಕಿ ಹೆದ್ದಾರಿ ಸುರಕ್ಷತಾ ಇಲಾಖೆಯ ತಾಣದಲ್ಲಿ ರೀಕಾಲ್ ಮುಗಿದಿದೆಯಾ ಅಂತ ಎರಡು ನಿಮಿಷದಲ್ಲಿ ನೋಡಬಹುದು. ಹೊಸ ಬ್ಯಾಟರಿ ಹಾಕಿಸಿಕೊಂಡ ಬೋಲ್ಟ್ ಸಿಕ್ಕಿದರೆ ನಮ್ಮ ಪ್ರಕಾರ ಲಾಟರಿ ಹೊಡೆದಂತೆ. ಗೋಡೆಗೆ ವಿನ್ ನಂಬರ್ ಇಲ್ಲ, ರೀಕಾಲ್ ನೋಟೀಸೂ ಬರಲ್ಲ.

ಹವಾಮಾನದ ಬಗ್ಗೆ ನಮ್ಮೂರು ವಿಚಿತ್ರ. ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ವೆಟರ್ ಹಾಕಿಕೊಂಡು ಹೊರಟರೆ, ಡಬ್ಲಿನ್-ಪ್ಲೆಸೆಂಟನ್ ಮುಟ್ಟುವಾಗ 100 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು. ಅಲ್ಲಿರುವವರು ನೆರಳು ಹುಡುಕಿ ನಿಲ್ಲಿಸಲಿ, ನಗರದವರು ತಲೆ ಕೆಡಿಸಿಕೊಳ್ಳದಿರಲಿ. ಆರು ವಾರ ಊರಿಗೆ ಹೋಗುವಾಗ ಮಾತ್ರ ಎಲ್ಲರಿಗೂ ಅನ್ವಯಿಸುವ ಮಾತೊಂದಿದೆ: ಬ್ಯಾಟರಿಯನ್ನು 50-60ರ ಆಸುಪಾಸಿನಲ್ಲಿ ಬಿಟ್ಟು ಹೋಗಿ, ಕ್ಯಾಮೆರಾ ಕಾವಲು, ಕ್ಯಾಬಿನ್ ತಂಪು ಮುಂತಾದ ಸೌಕರ್ಯಗಳನ್ನು ಆಫ್ ಮಾಡಿ. ಅಮ್ಮನ ಕೈ ಹೋಳಿಗೆ ತಿನ್ನುತ್ತಿರುವಾಗ ಇಲ್ಲಿ ಕಾರು ಸೊನ್ನೆಗೆ ಇಳಿದಿರುವುದು ಬೇಡ. ಯಾರೂ ಇಲ್ಲದ ಮನೆಯಲ್ಲಿ ಹಳೇ ಸಾಕೆಟ್ಟಿಗೆ ಸಿಕ್ಕಿಸಿ ಹೋಗುವುದಂತೂ ಬೇಡವೇ ಬೇಡ.

ದುಡ್ಡಿನ ವಿಷಯಕ್ಕೆ ಬಂದರೆ, ಪಿಜಿ ಅಂಡ್ ಇ ಕಂಪನಿಯ ಇವಿ ದರದಲ್ಲಿ ಸಂಜೆ 4ರಿಂದ 9 ಪೀಕ್, ಮಧ್ಯರಾತ್ರಿಯಿಂದ ಮಧ್ಯಾಹ್ನ 3ರವರೆಗೆ ಅಗ್ಗ, ಪೀಕ್ ದರದ ಸುಮಾರು ಅರ್ಧ. ಸೂರ್ಯ ಮುಳುಗಿ ಸೋಲಾರ್ ಕೈಕೊಡುವ ಹೊತ್ತಿಗೇ ಎಲ್ಲರೂ ಮನೆಗೆ ಬಂದು ಏಸಿ ಹಾಕುತ್ತಾರಲ್ಲ, ಅದಕ್ಕೆ. 2022ರ ಸೆಪ್ಟೆಂಬರ್ 6ರಂದು ರಾಜ್ಯದ ಬೇಡಿಕೆ 52,061 ಮೆಗಾವ್ಯಾಟ್ ಮುಟ್ಟಿ ದಾಖಲೆಯಾದಾಗ, ಸಂಜೆ ಕಾರು ಚಾರ್ಜ್ ಮಾಡಬೇಡಿ ಅಂತ ಮನವಿ ಮಾಡಿದ್ದು ನೆನಪಿರಬಹುದು. ಆದರೆ ಈ ದರ ಕಾರಿಗಷ್ಟೇ ಅಲ್ಲ, ಇಡೀ ಮನೆಗೆ. ಇಂಡಕ್ಷನ್ ಒಲೆಯಲ್ಲಿ ಸಾರು ಕುದಿಯುವುದೂ ಏಳು ಗಂಟೆಗೇ! ಕಾರಿಲ್ಲದ ರೂಮ್‌ಮೇಟು ತನ್ನ ಬಟ್ಟೆ ಒಣಗಿಸಲು ಯಾಕೆ ದುಬಾರಿ ಕೊಡಬೇಕು? ಇದನ್ನು ದರ ಬದಲಿಸುವ ಮೊದಲೇ ಕೂತು ಮಾತಾಡಬೇಕು. ಲೆವೆಲ್ 1ಕ್ಕೆ ಲೆಕ್ಕ ಸುಲಭ, ಚಾರ್ಜ್ ಮಾಡಿದ ಗಂಟೆಗಳನ್ನು 1.44ರಿಂದ ಗುಣಿಸಿದರೆ ಯೂನಿಟ್. ಸ್ಪ್ಲಿಟ್‌ವೈಸಿನಲ್ಲಿ 'ಕಾರಿನ ಊಟ' ಅಂತ ಒಂದು ಸಾಲು. ಸ್ಯಾಂಟಾ ಕ್ಲಾರಾದಲ್ಲಿ ಮನೆ ಸಿಕ್ಕವರು ಪುಣ್ಯವಂತರು, ಅಲ್ಲಿ ಊರಿನದೇ ವಿದ್ಯುತ್ ಸಂಸ್ಥೆ, ದರವೂ ಅರ್ಧದ ಆಸುಪಾಸು.

ಮನೆಯಲ್ಲಿ ರಾತ್ರಿ ಅಗ್ಗದ ದರದಲ್ಲಿ ಆ 35 ಮೈಲಿಗೆ ಮೂರೂವರೆ ಡಾಲರಿನಷ್ಟಾದರೆ, ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಐದೂವರೆ-ಆರು. ಒಂದು ಮಾಮೂಲಿ ಪೆಟ್ರೋಲ್ ಕಾರಿಗೂ ಅಷ್ಟೇ ಆಗುತ್ತದೆ. ಅಂದರೆ ಮನೆಯಲ್ಲಿ ಸಾಕೆಟ್ ಇಲ್ಲದವನಿಗೆ ಇವಿಯ ಉಳಿತಾಯವೇ ಇಲ್ಲ. ಸ್ವಂತ ಮನೆಯವರಿಗೆ ಅಗ್ಗ, ಬಾಡಿಗೆಯವರಿಗೆ ದುಬಾರಿ. ಕಿಟಕಿಯಿಂದ ವೈರು ಇಳಿಸುವವರು ಅವಿವೇಕಿಗಳಲ್ಲ, ಲೆಕ್ಕ ಗೊತ್ತಿರುವವರು. ಅವರಿಗೆ ಬುದ್ಧಿ ಹೇಳಿ ಸುಮ್ಮನಾಗುವುದು ಅನ್ಯಾಯ, ದಾರಿಯನ್ನೂ ತೋರಿಸಬೇಕು.

ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ 1947.6 ಒಂದು ದಾರಿ. 2015ರ ಜುಲೈ 1ರಿಂದೀಚೆಗೆ ಮಾಡಿದ ಅಥವಾ ನವೀಕರಿಸಿದ ಬಾಡಿಗೆ ಕರಾರಿನಲ್ಲಿ, ಬಾಡಿಗೆದಾರ ತನ್ನ ಖರ್ಚಿನಲ್ಲಿ ಚಾರ್ಜಿಂಗ್ ವ್ಯವಸ್ಥೆ ಹಾಕಿಸಿಕೊಳ್ಳುತ್ತೇನೆ ಅಂತ ಬರವಣಿಗೆಯಲ್ಲಿ ಕೇಳಿ, ಷರತ್ತು ಪಾಲಿಸಿದರೆ, ಮಾಲೀಕರು ಒಪ್ಪಬೇಕು. ಆದರೆ ಪಾರ್ಕಿಂಗ್ ಬಾಡಿಗೆಯ ಭಾಗವಾಗಿರಬೇಕು, ಐದಕ್ಕಿಂತ ಕಡಿಮೆ ಪಾರ್ಕಿಂಗ್ ಜಾಗ ಇರುವ ಕಡೆ ಈ ಕಾನೂನು ಅನ್ವಯಿಸುವುದಿಲ್ಲ. ಅಂದರೆ ದೊಡ್ಡ ಅಪಾರ್ಟ್‌ಮೆಂಟಿನವರಿಗೆ ಹಕ್ಕಿದೆ. ನಾಲ್ಕೈದು ಜನ ಸೇರಿ ಒಂಟಿ ಮನೆ ಹಿಡಿದಿರುವ ನಮ್ಮಂಥವರಿಗೆ, ಡ್ರೈವ್‌ವೇಯಲ್ಲಿ ಎರಡೇ ಕಾರಿನ ಜಾಗ ಇರುವವರಿಗೆ, ಹಕ್ಕಿಲ್ಲ, ಮಾತುಕತೆ ಮಾತ್ರ.

ಮಾತುಕತೆಯಲ್ಲಿ ಚಿಕ್ಕದನ್ನು ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. "ಇವಿ ಚಾರ್ಜರ್ ಹಾಕಿಸ್ತೀವಿ" ಅಂದ ಕೂಡಲೇ ಮಾಲೀಕರ ಕಣ್ಣಿಗೆ ಸಾವಿರಾರು ಡಾಲರು, ಪರ್ಮಿಟ್ಟು, ಇನ್ಶೂರೆನ್ಸು ಕಾಣುತ್ತದೆ, ಬೇಡ ಅನ್ನುತ್ತಾರೆ. ನಮ್ಮ ಪರಿಚಯದ ಒಂದು ಮನೆಯ ಮಾಲೀಕರು ಇಮೇಲಿಗೆ ಉತ್ತರವನ್ನೇ ಕೊಡಲಿಲ್ಲ. ಅದರ ಬದಲು "ಗ್ಯಾರೇಜಿನ ಸಾಕೆಟ್ಟು ಸಡಿಲವಾಗಿದೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಹೊಸ ಒಳ್ಳೆಯ ಸಾಕೆಟ್ಟು ಹಾಕಿಸಿ, ಸಾಧ್ಯವಾದರೆ ಅದಕ್ಕೇ ಮೀಸಲಾದ 20 ಆಂಪಿನ ಸರ್ಕೀಟು ಮಾಡಿಸಿ, ಖರ್ಚಿನಲ್ಲಿ ನಾವೂ ಪಾಲು ಕೊಡುತ್ತೇವೆ" ಅಂತ ಫೋಟೋ ಸಮೇತ ಬರೆದರೆ ಅದು ರಿಪೇರಿಯ ಮಾತು. ರಿಪೇರಿ ಬೇಡ ಅನ್ನುವುದು ಅವರಿಗೂ ಕಷ್ಟ, ಅವರ ಮನೆಯೇ ಅದು. 20 ಆಂಪ್ ಸಿಕ್ಕಿದರೆ, ಅದಕ್ಕೆ ಹೊಂದುವ ಕೇಬಲ್ಲಿದ್ದರೆ, 16 ಆಂಪ್ ಎಳೆಯಬಹುದು, ಸುಮಾರು 1.9 ಕಿಲೋವ್ಯಾಟ್; ಇಲ್ಲವೇ 12ರಲ್ಲೇ ಇನ್ನಷ್ಟು ತಂಪಾಗಿ ಇರಬಹುದು.

ನಮ್ಮ ಸಂಘಕ್ಕೂ ಒಂದು ಕೆಲಸ ಹೇಳುವುದಿದೆ. ಪ್ರತಿ ಜೂನ್‌ನಲ್ಲಿ ಹೊಸಬರಿಗೆ ಅಂತ ನಾವು ಮನೆಗಳ ಎಕ್ಸೆಲ್ ಶೀಟ್ ಮಾಡುತ್ತೇವಲ್ಲ, ಬಾಡಿಗೆ, ಬಸ್ ಸ್ಟಾಪಿಗೆ ದೂರ, ಮಾಂಸ ಬೇಯಿಸಬಹುದಾ ಇತ್ಯಾದಿ ಕಾಲಮ್ಮುಗಳ ಜೊತೆ, ಇನ್ನೆರಡು ಸೇರಿಸೋಣ: ಕಾರು ನಿಲ್ಲುವ ಜಾಗದ ಹತ್ತಿರ ಅರ್ತ್ ಇರುವ ಸಾಕೆಟ್ ಇದೆಯೇ, ಆ ಬ್ರೇಕರ್ ಮೇಲೆ ಇನ್ನೇನಿದೆ. ಮನೆ ಖಾಲಿ ಮಾಡುವ ಹಿರಿಯರು ಟೇಬಲ್ ಲ್ಯಾಂಪ್ ಪರೀಕ್ಷೆ ಮಾಡಿ ತುಂಬಿಸಿ ಹೋದರೆ ಹೊಸಬರಿಗೆ ಆ ಅರ್ಧ ಗಂಟೆ ಉಳಿಯುತ್ತದೆ. ಮಾಲೀಕರಿಗೆ ಕಳಿಸುವ ಇಂಗ್ಲಿಷ್ ಪತ್ರದ ಕರಡು, ಅಪಾರ್ಟ್‌ಮೆಂಟಿನವರಿಗೆ ಒಂದು ಮತ್ತು ಒಂಟಿ ಮನೆಯವರಿಗೆ ಇನ್ನೊಂದು, ನಾವು ಬರೆಯಲು ಶುರುಮಾಡಿದ್ದೇವೆ. ಕಾನೂನು ಓದುತ್ತಿರುವ ಕನ್ನಡದವರು ಯಾರಾದರೂ ಒಮ್ಮೆ ಕಣ್ಣಾಡಿಸಿದರೆ ಯುಗಾದಿಯೊಳಗೆ ಶೀಟಿನ ಜೊತೆಗೇ ಹಾಕಬಹುದು.